ಟ್ರಂಕಿನ ತಳದ ಹೆಬ್ಬೆಟ್ಟಿನ ಕಾಗದ



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳಲ್ಲಿ ಹೆಚ್ಚಿನವು ಎಂದಿನವೇ. ಸೊಸೆ ಮಾತಾಡುವುದಿಲ್ಲ, ಮಗ ಓದುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಅವಕ್ಕೆಲ್ಲ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಸಲದ ಜಾಗವನ್ನೆಲ್ಲ ಟಿ. ನರಸೀಪುರ ತಾಲ್ಲೂಕು ಸೋಸಲೆಯ ಒಬ್ಬ ಓದುಗ ಸೋದರಿಗೆ ಬಿಟ್ಟುಕೊಡೋಣ.

ಆಕೆ ಬರೆದಿರುವುದು ಇಷ್ಟು. ಅತ್ತೆಯವರು ತೀರಿಕೊಂಡ ಮೇಲೆ ಅವರ ಟ್ರಂಕು ಬಿಚ್ಚಿದರು. ರೇಷ್ಮೆ ಸೀರೆಗಳ ಕೆಳಗೆ ಒಂದು ಹಳೆಯ ಛಾಪಾಕಾಗದ ಸಿಕ್ಕಿತು. ಸಾಲ ಪಡೆದವನ ಹೆಸರು, ಹೆಬ್ಬೆಟ್ಟು, ಸಾಲ ತೀರುವ ತನಕ ಮನೆಯಲ್ಲೂ ಗದ್ದೆಯಲ್ಲೂ ದುಡಿಯುತ್ತೇನೆ ಎಂಬ ಒಪ್ಪಿಗೆ. ಜೀತದ ಕಾಗದ. ಅದರಲ್ಲಿ ಅವನ ಹೆಂಡತಿಯ ಹೆಸರಿಲ್ಲ. ಆದರೆ ಕೊಟ್ಟಿಗೆ ಬಳಿದದ್ದು, ನೆಲ್ಲು ಕುಟ್ಟಿದ್ದು, ಮನೆಯ ಬಾಣಂತಿಯರ ಬಟ್ಟೆ ಒಗೆದದ್ದು ಅವಳೇ ಅಂತ ಅತ್ತೆ ಹೇಳುತ್ತಿದ್ದರಂತೆ. ಅವಳ ಎಳೆಗೂಸು ಸತ್ತ ಮೇಲೆ ಅವಳಿಗೆ ಬುದ್ಧಿ ಸ್ಥಿಮಿತ ತಪ್ಪಿತು, ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಕಡೆಗೆ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಮುಂದಿನದು ಯಾರಿಗೂ ಗೊತ್ತಿಲ್ಲ. "ಅವಳು ಏನಾದಳು ಅಂತ ಹುಡುಕಲು ದಾರಿಯಿದೆಯೇ? ನಮ್ಮ ಯಜಮಾನರು, ಸುಮ್ಮನೆ ಆ ಕಾಗದ ಒಲೆಗೆ ಹಾಕು ಅನ್ನುತ್ತಾರೆ" ಎಂದು ಕೇಳಿದ್ದಾರೆ. ಅವಳ ಹೆಸರನ್ನೂ ಬರೆದಿದ್ದಾರೆ. ಅದನ್ನು ನಾನಿಲ್ಲಿ ಹಾಕುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಮಾತು, ಕಾಗದವನ್ನು ಸುಡಬೇಡಿ ತಾಯಿ.

ಎರಡನೆಯದು, ದಾರಿ ಇದೆ. ಅದು ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಕೋರ್ಟಿನಲ್ಲಿ. ಇದು ನಿಮಗೆ ವಿಚಿತ್ರ ಅನ್ನಿಸಬಹುದು. ಖಾಯಿಲೆಗೂ ಕೋರ್ಟಿಗೂ ಏನು ಸಂಬಂಧ? ಆಗಿನ ಕಾಲಕ್ಕೆ ಬಹಳ ಇತ್ತು. 1912ರ ಭಾರತೀಯ ಹುಚ್ಚರ ಕಾಯಿದೆ (ಹೆಸರೇ ಹಾಗೆ, ಕ್ಷಮಿಸಿ) ನಮ್ಮ ದೇಶದಲ್ಲಿ 1993ರವರೆಗೂ ನಡೆಯಿತು. ತಾನಾಗಿ ಬಂದು ಸೇರುವವರ ಮಾತು ಬೇರೆ. ಉಳಿದವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿತ್ತು. ಮನೆಯವರು ಅರ್ಜಿ ಹಾಕಬೇಕು, ಇಬ್ಬರು ವೈದ್ಯರು ಸರ್ಟಿಫಿಕೇಟು ಕೊಡಬೇಕು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು ಹಿಡಿದು ತಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಹಾಗಾಗಿ ಓದು ಬರಹ ಬಾರದ, ಒಂದು ಫೋಟೋ ಕೂಡ ತೆಗೆಸಿಕೊಳ್ಳದ ಹೆಂಗಸರ ಬಾಳಿನ ನಾಲ್ಕು ಸಾಲು ಎಲ್ಲಾದರೂ ಉಳಿದಿದ್ದರೆ, ಅದು ಈ ಕಡತಗಳಲ್ಲೇ.

ಆ ಕಾಯಿದೆಯ ಹಿಂದೆ ಕೆಲವು ನಮೂನೆಗಳಿವೆ. ನನಗೆ ಅವು ಕಾಯಿದೆಗಿಂತ ಹೆಚ್ಚು ಹೇಳುತ್ತವೆ. ಹೆಸರು, ವಯಸ್ಸು, ಮದುವೆಯಾಗಿದೆಯೇ ಅಥವಾ ವಿಧವೆಯೇ, ಹಿಂದಿನ ಕಸುಬು, ಜಾತಿ, ಇದ್ದ ಊರು, ಹತ್ತಿರದ ನೆಂಟರು ಯಾರು, ಇದು ಮೊದಲನೇ ಸಲವೇ, ಎಷ್ಟು ದಿನದಿಂದ, ಕಾರಣ ಏನಿರಬಹುದು, ಪ್ರಾಣ ಕಳೆದುಕೊಳ್ಳಲು ನೋಡುತ್ತಾಳೆಯೇ, ಇತರರಿಗೆ ಅಪಾಯವೇ. ಇವೆಲ್ಲಕ್ಕೂ ಒಂದೊಂದು ಖಾನೆ. ವೈದ್ಯರ ಸರ್ಟಿಫಿಕೇಟಿನಲ್ಲಂತೂ ಎರಡು ಬೇರೆ ಬೇರೆ ಭಾಗ. ರೋಗದ ಲಕ್ಷಣಗಳಲ್ಲಿ ನಾನೇ ಕಣ್ಣಾರೆ ಕಂಡವು ಯಾವುವು ಎಂದು ಒಂದು. ಬೇರೆಯವರು ನನಗೆ ಹೇಳಿದವು ಯಾವುವು ಎಂದು ಇನ್ನೊಂದು.

ಈ ಎರಡು ಭಾಗಗಳನ್ನು ಒಂದೇ ಉಸಿರಿನಲ್ಲಿ ಓದಿಬಿಡಬಾರದು. ಅಕ್ಕಿಯಿಂದ ಕಲ್ಲು ಆರಿಸುತ್ತೀರಲ್ಲ, ಹಾಗೆ ಆರಿಸಬೇಕು. "ಬೇರೆಯವರು ಹೇಳಿದ್ದು" ಎಂಬಲ್ಲಿ "ಕೆಲಸ ಮಾಡುವುದಿಲ್ಲ, ಎದುರು ಮಾತಾಡುತ್ತಾಳೆ, ಮನೆಯಿಂದ ಓಡಿಹೋಗುತ್ತಾಳೆ" ಅಂತಿದ್ದರೆ ಸ್ವಲ್ಪ ನಿಂತು ಯೋಚಿಸಿ. ಯಾರ ಕೆಲಸ? ಯಾರ ಮನೆಯಿಂದ ಓಟ? ಹೇಳಿದವರು ಯಾರು? ಜೀತದಲ್ಲಿದ್ದವಳ ವಿಷಯದಲ್ಲಿ ಹೇಳುವ ಬಾಯಿ ಒಡೆಯನದೇ ಆಗಿರುವ ಸಂಭವವಿದೆ. ಇಲ್ಲಿ ಕಾಯಿದೆಯೇ ನಮಗೆ ಒಂದು ಎಳೆ ಕೊಟ್ಟಿದೆ. ಗಂಡನೋ ನೆಂಟರೋ ಅರ್ಜಿ ಹಾಕದೆ ಬೇರೆಯವರು ಹಾಕಿದ್ದರೆ, ನೆಂಟರು ಯಾಕೆ ಹಾಕಲಿಲ್ಲ, ತನಗೂ ರೋಗಿಗೂ ಏನು ಸಂಬಂಧ ಎಂಬುದನ್ನು ಅರ್ಜಿಯಲ್ಲೇ ಬರೆಯಬೇಕಿತ್ತು. ಒಡೆಯ ಅಲ್ಲಿ ಏನು ಬರೆದ? "ನನ್ನ ಆಳಿನ ಹೆಂಡತಿ" ಎಂದು ಬರೆದಿದ್ದರೆ, ನಿಮ್ಮ ಟ್ರಂಕಿನ ಕಾಗದದಲ್ಲಿ ಇಲ್ಲದ ಹೆಂಗಸು ಕೋರ್ಟಿನ ಕಾಗದದಲ್ಲಿ ಸಿಕ್ಕಿದ ಹಾಗೆ.

ಹೀಗೆ ಕೋರ್ಟಿನ ಕಾಗದದಲ್ಲಿ ಮಾತ್ರ ಉಳಿದ ಹೆಂಗಸರು ನಮ್ಮ ದೇಶದಲ್ಲಷ್ಟೇ ಇಲ್ಲ. ಸಮುದ್ರದಾಚೆಯ ಒಂದು ಕಥೆ ಹೇಳುತ್ತೇನೆ. ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ, ಕೊಂಡ ಗುಲಾಮನಲ್ಲಿ ಕುಷ್ಠ, ಹುಚ್ಚು, ಅಪಸ್ಮಾರ ಈ ಮೂರರಲ್ಲಿ ಒಂದು ಇದ್ದರೆ ವ್ಯಾಪಾರ ರದ್ದು ಮಾಡಬಹುದೆಂದು ಅಲ್ಲಿನ ಸಿವಿಲ್ ಸಂಹಿತೆಯೇ ಹೇಳುತ್ತಿತ್ತು. ಸಂತೆಯಲ್ಲಿ ಎತ್ತು ಕೊಂಡು, ಸುಳಿ ಸರಿಯಿಲ್ಲ ಅಂತ ವಾಪಸು ಹೊಡೆದುಕೊಂಡು ಹೋಗುತ್ತಾರಲ್ಲ, ಹಾಗೆ. 1835ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಇಂಥದೊಂದು ವ್ಯಾಜ್ಯ ಬಂತು. ಇಕಾರ್ ಎಂಬವನು ಸುವಾರೆಸ್ ಎಂಬವನಿಂದ ಕೇಟ್ ಎಂಬ ಹೆಂಗಸನ್ನು ಕೊಂಡಿದ್ದ. ಅವಳಿಗೆ ಹುಚ್ಚು, ಹಣ ವಾಪಸು ಕೊಡು ಅಂತ ಕೊಂಡವನ ವಾದ. ಹುಚ್ಚೇನಿಲ್ಲ, ಬರೀ ದಡ್ಡಿ, ದಡ್ಡತನ ನೋಡಿದರೇ ಕಾಣುತ್ತದಲ್ಲ, ಕಂಡೇ ಕೊಂಡಿದ್ದೀಯೆ ಅಂತ ಮಾರಿದವನ ವಾದ. ಹುಚ್ಚೋ ದಡ್ಡತನವೋ, ಅವಳು ಕೆಲಸಕ್ಕೆ ಬಾರದವಳು ಅಂತ ಹೇಳಿ ಕೋರ್ಟು ಕೊಂಡವನ ಪರವಾಗಿ ತೀರ್ಪು ಕೊಟ್ಟಿತು. ಕೇಟ್ ಬಾಯಿಂದ ಬಂದ ಮಾತು ಆ ತೀರ್ಪಿನಲ್ಲಿ ಒಂದೂ ಇಲ್ಲ. ಅವಳಿಗೆ ಮಕ್ಕಳಿದ್ದವೇ, ಯಾರಿಂದ ಅಗಲಿಸಿ ತಂದರು, ಯಾವಾಗಿನಿಂದ ಹಾಗಾದಳು, ಯಾರೂ ಕೇಳಿಲ್ಲ. ಆದರೂ ಆ ವ್ಯಾಜ್ಯ ಇಲ್ಲದಿದ್ದರೆ ಕೇಟ್ ಎಂಬ ಹೆಸರೂ ನಮಗೆ ದೊರೆಯುತ್ತಿರಲಿಲ್ಲ. ಸುಮಾರು ಇನ್ನೂರು ವರ್ಷಗಳ ಮೇಲೆ ಸೋಸಲೆಯ ಓದುಗರ ಜೊತೆ ಕೂತು ಅವಳ ಮಾತಾಡುತ್ತಿದ್ದೇವೆ ನೋಡಿ.

ಅದೇ ಲೂಯಿಸಿಯಾನದಲ್ಲಿ 1851ರಲ್ಲಿ ಕಾರ್ಟ್‌ರೈಟ್ ಎಂಬ ಡಾಕ್ಟರೊಬ್ಬ, ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದೇ ಒಂದು ಮನೋರೋಗ ಎಂದು ಬರೆದು ಅದಕ್ಕೊಂದು ಗ್ರೀಕ್ ಹೆಸರನ್ನೂ ಇಟ್ಟ. ಡಾಕ್ಟರು ಬರೆದದ್ದೆಲ್ಲ ವೈದ್ಯವಲ್ಲ ಎಂಬುದು ನೆನಪಿರಲಿ ಅಂತ ಇದನ್ನು ಹೇಳಿದೆ.

ನಮ್ಮ ಕಡೆಗೆ ಬರೋಣ. ಕಂಪನಿ ಸರ್ಕಾರ 1843ರ ಐದನೇ ಕಾಯಿದೆಯಿಂದ, ಗುಲಾಮ ನನ್ನವನು ಅಂತ ಯಾರೂ ಕೋರ್ಟಿನಲ್ಲಿ ಹಕ್ಕು ಸಾಧಿಸುವಂತಿಲ್ಲ ಎಂದು ಮಾಡಿತು. ಕಾಗದದ ಮೇಲೆ ಗುಲಾಮಗಿರಿ ಹೋಯಿತು. ಸಾಲ ಹೋಗಲಿಲ್ಲ. ಮದುವೆಗೆ, ತಿಥಿಗೆ, ಬರಗಾಲದ ಹೊಟ್ಟೆಗೆ ಮಾಡಿದ ಸಾಲಕ್ಕೆ ಮೈಯನ್ನೇ ಅಡವಿಡುವುದು ನಡೆದೇ ಇತ್ತು. ಹೊಟ್ಟೆಗೆ ಹಿಟ್ಟು, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು. ದುಡಿದದ್ದು ಬಡ್ಡಿಗೆ ಸರಿ, ಅಸಲು ಹಾಗೇ. ಅಪ್ಪ ಸತ್ತರೆ ಮಗ ಹೆಗಲು ಕೊಡಬೇಕು. 'ಚೋಮನ ದುಡಿ' ಸಿನಿಮಾ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ತಯಾರಾದ 1975ರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಜೀತ ರದ್ದಿನ ಸುಗ್ರೀವಾಜ್ಞೆಯೂ ಬಂತು. ಮರು ವರ್ಷ ಅದು ಕಾಯಿದೆಯಾಯಿತು. ಆ ಇಂಗ್ಲಿಷ್ ಕಾಯಿದೆಯ ಒಳಗೇ ನಮ್ಮ ಕನ್ನಡದ 'ಜೀತ' ಎಂಬ ಮಾತು ಅಚ್ಚಾಗಿದೆ. ಜೀತದ ಸಾಲವೆಲ್ಲ ಅಂದಿಗೆ ವಜಾ. ಜೀತದಾಳನ್ನು ಅವನಿದ್ದ ಗುಡಿಸಿಲಿನಿಂದ ಎಬ್ಬಿಸುವಂತಿಲ್ಲ. ಇದು ಜೀತವಲ್ಲ ಅಂತ ರುಜುವಾತು ಮಾಡುವ ಹೊರೆ ಒಡೆಯನ ಮೇಲೆ. ಮೀರಿದರೆ ಮೂರು ವರ್ಷದವರೆಗೆ ಸೆರೆ.

ಕರ್ನಾಟಕದಲ್ಲಿ ಸರ್ಕಾರವೇ ಗುರುತಿಸಿದ ಜೀತದಾಳುಗಳ ಸಂಖ್ಯೆ 60,000 ದಾಟಿತು. ಇಲ್ಲೇ ನನ್ನದೊಂದು ತಕರಾರಿದೆ. ಜೀತ ಅಂದ ಕೂಡಲೇ ಗಂಡಸಿನ ಹೆಸರು ಬರೆಯುವುದು ರೂಢಿ. ಸಾಲ ಪಡೆದವನು ಅವನು, ಹೆಬ್ಬೆಟ್ಟು ಒತ್ತಿದವನು ಅವನು, ಆದ್ದರಿಂದ ಜೀತದಾಳೂ ಅವನೇ. ಅವನ ಹಿಂದೆಯೇ ಬಂದು ಸಗಣಿ ಬಾಚುವ ಹೆಂಡತಿಯದು ಯಾವ ಲೆಕ್ಕ? ಅದು "ಮನೆಗೆಲಸ". ಸಾಲಪತ್ರದಲ್ಲಿ ಅವಳಿಲ್ಲ, ಬಿಡುಗಡೆ ಪತ್ರದಲ್ಲೂ ಅವಳಿಲ್ಲದೆ ಹೋದರೆ ಅವಳು ದುಡಿದೇ ಇಲ್ಲವೆಂದಾಯಿತು. ನಿಮ್ಮ ಟ್ರಂಕಿನ ಕಾಗದದಲ್ಲಿ ಆಗಿರುವುದೂ ಅದೇ.

ಇನ್ನು ಅವಳು ಹೋದ ಬೆಂಗಳೂರಿನ ಆಸ್ಪತ್ರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶುರುವಾದ ಅದು 1925ರಲ್ಲಿ ಹಳೆಯ ಹೆಸರು ಬಿಟ್ಟು ಮಾನಸಿಕ ಆಸ್ಪತ್ರೆ ಎನಿಸಿಕೊಂಡಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ಬೀದಿಯ ಬಾಯಲ್ಲಿ ಬಹಳ ಕಾಲ "ಹುಚ್ಚಾಸ್ಪತ್ರೆ"ಯಾಗಿಯೇ ಉಳಿಯಿತು. ಅಲ್ಲಿಗೆ ಹೋದವಳು ಗುಣವಾಗಿ ಬಂದಳೆಂದರೂ ನಂಬದ ಜನ ನಾವು. ತ್ರಿವೇಣಿಯವರ 'ಶರಪಂಜರ' ಓದಿದ್ದೀರಿ, 1971ರ ಸಿನಿಮಾದಲ್ಲಿ ಕಲ್ಪನಾ ಕಾವೇರಿಯಾಗಿದ್ದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೀರಿ. ಕಾವೇರಿಗೂ ಹೆರಿಗೆಯಾದ ಮೇಲೆ ಬಂದ ಖಾಯಿಲೆಯೇ. ಆಸ್ಪತ್ರೆ ಅವಳನ್ನು ಗುಣಮಾಡಿ ಕಳಿಸಿತು, ಮನೆ ಮತ್ತೆ ಕೆಡಿಸಿತು. ಆದರೆ ಕಾವೇರಿಗೆ ಹಿಂದಿರುಗಲು ಒಂದು ಮನೆಯಾದರೂ ಇತ್ತು, ಕರೆದುಕೊಂಡು ಬರಲು ಗಂಡನಿಗೆ ಪುರುಸೊತ್ತಿತ್ತು.

ನಿಮ್ಮ ಮನೆಯ ಆ ಹೆಂಗಸಿಗೆ? 1912ರ ಕಾಯಿದೆಯಲ್ಲಿ ಬಿಡುಗಡೆಗೆ ಇದ್ದ ದಾರಿಗಳಲ್ಲಿ ಒಂದು, ನೆಂಟರೋ ಸ್ನೇಹಿತರೋ ಬಂದು, ನಾನು ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟು ಕರೆದುಕೊಂಡು ಹೋಗುವುದು. ಸೋಸಲೆಯಿಂದ ಬೆಂಗಳೂರಿಗೆ ಹೋಗಿ ಬರಲು ಅವಳ ಗಂಡನಿಗೆ ಯಾರು ರಜ ಕೊಡುತ್ತಿದ್ದರು? ನಾಟಿ, ಕಳೆ, ಕೊಯ್ಲು ಅಂತ ನಾಲೆ ಬಯಲಿನ ಗದ್ದೆ ಕೆಲಸಕ್ಕೆ ಕೊನೆಯಿಲ್ಲ. ರೈಲು ಛಾರ್ಜಿಗೆ ಒಡೆಯನ ಹತ್ತಿರವೇ ಕೈಯೊಡ್ಡಬೇಕು, ಅದೂ ಸಾಲಕ್ಕೆ ಸೇರುತ್ತದೆ. ಅವಳು ಹಿಂದಿರುಗಲಿಲ್ಲ ಅಂದ ಮಾತ್ರಕ್ಕೆ ಅವಳಿಗೆ ಗುಣವಾಗಲಿಲ್ಲ ಅಂತ ತಿಳಿಯಬೇಡಿ ಅನ್ನುವುದಕ್ಕೇ ಇಷ್ಟು ಬರೆದೆ. 1982ರಲ್ಲಿ ವೀಣಾ ಸೇಠಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಸಂಗತಿ ನೋಡಿ. ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಬುದ್ಧಿ ಸ್ಥಿಮಿತವಿಲ್ಲ ಅಂತ ಇಟ್ಟಿದ್ದವರು, ಸರಿಹೋದ ಮೇಲೂ ವರ್ಷಗಟ್ಟಲೆ ಹಾಗೇ ಉಳಿದಿದ್ದರು. ಬಿಡಬೇಕು ಅಂತ ಯಾರಿಗೂ ನೆನಪಾಗಿರಲಿಲ್ಲ. ಆ ಮೊಕದ್ದಮೆ ಶುರುವಾದದ್ದು ನ್ಯಾಯಾಧೀಶರಿಗೆ ಬರೆದ ಒಂದು ಕಾಗದದಿಂದ. ಅದೇ ವರ್ಷ ಇನ್ನೊಂದು ಕಾಗದ ಫರೀದಾಬಾದಿನ ಕಲ್ಲು ಕ್ವಾರಿಗಳ ಜೀತದ ಬಗ್ಗೆ ಹೋಯಿತು. ಕೋರ್ಟು ಅದನ್ನೇ ಅರ್ಜಿ ಅಂತ ತೆಗೆದುಕೊಂಡು, ಕ್ವಾರಿಗೇ ಜನ ಕಳಿಸಿ ಆಳುಗಳ ಮಾತು ಕೇಳಿಸಿಕೊಂಡು ಬರಲು ಹೇಳಿತು. ಬಂಧುವಾ ಮುಕ್ತಿ ಮೋರ್ಚಾ ಮೊಕದ್ದಮೆ ಅಂತ ಕರೆಯುವುದು ಅದನ್ನೇ. ಕೇಟ್‌ಗೆ ಸಿಗದೆ ಹೋದದ್ದು ಆ ಕೇಳಿಸಿಕೊಳ್ಳುವ ಕಿವಿ.

ಈಗ ಹುಡುಕುವ ಬಗೆ. ಅರ್ಜಿ ಯಾವ ಮ್ಯಾಜಿಸ್ಟ್ರೇಟರ ಮುಂದೆ ಹೋಗಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನರಸೀಪುರವೋ ಮೈಸೂರೋ, ಅಥವಾ ಅವಳು ಬೆಂಗಳೂರಿನ ಬೀದಿಯಲ್ಲಿ ಪೊಲೀಸರಿಗೆ ಸಿಕ್ಕಿದ್ದರೆ ಅಲ್ಲಿನದೋ. ಅವಳು ಹೋದ ವರ್ಷವನ್ನು ಊರಿನ ಹಿರಿಯ ಹೆಂಗಸರ ಹತ್ತಿರ ಕೇಳಿ. ಇಸವಿ ಹೇಳಲು ಬಾರದಿದ್ದರೂ "ಇಂಥವಳ ಮದುವೆಯ ವರ್ಷ", "ದೊಡ್ಡ ಹೊಳೆ ಬಂದ ವರ್ಷ" ಅಂತ ಹೇಳುತ್ತಾರೆ, ಅದರಿಂದ ಲೆಕ್ಕ ಹಾಕಬಹುದು. ಕೋರ್ಟಿನ ಕಾಗದಕ್ಕೆ ಆ ಕೋರ್ಟಿನಲ್ಲೇ ನಕಲು ಅರ್ಜಿ ಹಾಕಬೇಕು. ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು, ಹತ್ತು ರೂಪಾಯಿ. ತೀರ ಹಳೆಯವು ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಿರಬಹುದು. ಅದರ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಅವಧಿ ಮುಗಿದ ಕಡತಗಳನ್ನು ಕಚೇರಿಗಳು ನಾಶಮಾಡುವ ಕ್ರಮವೂ ಇದೆ. ಆದ್ದರಿಂದ ಬಹಳ ಆಸೆ ಇಟ್ಟುಕೊಳ್ಳಬೇಡಿ, ತಡವನ್ನೂ ಮಾಡಬೇಡಿ.

ಇಷ್ಟಾದ ಮೇಲೆ ಒಂದು ಕಠಿಣ ಮಾತು. ಆಸ್ಪತ್ರೆಯ ಕೇಸು ಕಾಗದವನ್ನು ನೀವಾಗಿ ಹೋಗಿ ಕೇಳಬೇಡಿ, ತಾಯಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ವಿಷಯ ಗುಟ್ಟಾಗಿರಬೇಕೆಂದು ಹೇಳುತ್ತದೆ, ತನ್ನ ದಾಖಲೆ ನೋಡುವ ಹಕ್ಕನ್ನು ರೋಗಿಗೇ ಕೊಡುತ್ತದೆ. ನೀವು ಅವಳಿಗೆ ರೋಗಿಯೂ ಅಲ್ಲ, ನೆಂಟರೂ ಅಲ್ಲ. ನೀವು ಸಾಲ ಕೊಟ್ಟ ಮನೆಯ ಸೊಸೆ. ನಿಮ್ಮ ಮನಸ್ಸು ಒಳ್ಳೆಯದು, ಇಲ್ಲದಿದ್ದರೆ ಬರೆಯುತ್ತಲೇ ಇರಲಿಲ್ಲ. ಆದರೂ ಅವಳ ಖಾಯಿಲೆಯ ವಿವರ ಮೊದಲು ತಿಳಿಯಬೇಕಾದದ್ದು ಅವಳ ಮನೆಯವರಿಗೆ. ಹೆಸರನ್ನು ಇಲ್ಲಿ ಹಾಕದೆ ಬಿಟ್ಟದ್ದೂ ಅದಕ್ಕೇ. ಅವಳ ಗಂಡನ ಕಡೆಯವರು, ಅಣ್ಣತಮ್ಮಂದಿರ ಮಕ್ಕಳು ಅದೇ ಊರಿನಲ್ಲೋ ಪಕ್ಕದ ಹಳ್ಳಿಯಲ್ಲೋ ಇರಬಹುದು. ಹುಡುಕಿ. ಅವರನ್ನು ನಿಮ್ಮ ಹಜಾರಕ್ಕೆ ಹೇಳಿಕಳಿಸಬೇಡಿ, ನೀವೇ ಅವರ ಮನೆ ಬಾಗಿಲಿಗೆ ಹೋಗಿ. ಕಾಗದದ ನಕಲು ಕೈಯಲ್ಲಿ ಕೊಡಿ. ಹುಡುಕೋಣ ಅಂದರೆ ಓಡಾಡುವ ಖರ್ಚು ನಿಮ್ಮದಾಗಲಿ. ಬೇಡ, ನಮ್ಮ ಅಜ್ಜಿಯ ವಿಷಯ ಕೆದಕಬೇಡಿ ಅಂದರೆ ಎದ್ದು ಬನ್ನಿ. ನಾಲ್ಕು ಮಾತು ಅಂದರೆ ಅನ್ನಿಸಿಕೊಂಡು ಬನ್ನಿ. ಯಜಮಾನರಿಗೆ ಇದು ರುಚಿಸದೆ ಇರಬಹುದು. ಮನೆಯ ಮಾನ ಹೋಗುತ್ತದೆ ಅನ್ನಬಹುದು. ಬಾಣಂತಿಯೊಬ್ಬಳ ಮಗು ಸತ್ತಾಗ ಅವಳನ್ನು ಕೊಟ್ಟಿಗೆಗೆ ಕಳಿಸಿದ್ದಾಗಲೇ ಹೋದ ಮಾನ ಅದು.

ಈಗೆಲ್ಲಿದೆ ಜೀತ ಅಂತ ಕೇಳುವವರಿಗೂ ಒಂದು ಮಾತು. 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಬಿಗಿದಿದ್ದ ಆಳುಗಳನ್ನು ರೈತಸಂಘದವರು ಬಿಡಿಸಿದರು. ನರಸೀಪುರಕ್ಕೆ ಅದೇನು ದೂರವಲ್ಲ. ಮರು ವರ್ಷ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಶೆಡ್ಡಿನಲ್ಲಿ ಸರಪಳಿ ಹಾಕಿ ಮಲಗಿಸಿದ್ದ ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಸತ್ತರು, 25ಕ್ಕೂ ಹೆಚ್ಚು ಮಂದಿ. ಒಂದು ಸರಪಳಿ ಸಾಲಕ್ಕೆ, ಇನ್ನೊಂದು ರೋಗಕ್ಕೆ. ಈಗ ಎರಡೂ ಕಾನೂನಿಗೆ ವಿರುದ್ಧ. ಮನೆಯವರು ಕರೆದುಕೊಂಡು ಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದೂ 2017ರ ಕಾಯಿದೆಯಲ್ಲಿದೆ.

ನಿಮ್ಮ ಕಣ್ಣಿಗೆ ಇಟ್ಟಿಗೆ ಗೂಡಿನಲ್ಲೋ ತೋಟದಲ್ಲೋ ಮುಂಗಡದ ಹಣಕ್ಕೆ ಸಿಕ್ಕಿಬಿದ್ದ ಸಂಸಾರ ಕಂಡರೆ ಡೆಪ್ಯುಟಿ ಕಮಿಷನರು, ಅಸಿಸ್ಟೆಂಟ್ ಕಮಿಷನರು, ತಹಸೀಲ್ದಾರರು ಇವರಲ್ಲಿ ಯಾರಿಗಾದರೂ ಬರೆದು ತಿಳಿಸಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಬರೆಯಬಹುದು. ಬರೆಯುವಾಗ ಗಂಡನ ಹೆಸರಿನ ಜೊತೆ ಹೆಂಡತಿಯ ಹೆಸರು, ಅವಳು ಮಾಡುವ ಕೆಲಸ ಎರಡನ್ನೂ ಬೇರೆಯಾಗಿಯೇ ಬರೆಯಿರಿ. 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ ಒಂದು ಲಕ್ಷ ರೂಪಾಯಿ, ಹೆಂಗಸಿಗೂ ಮಕ್ಕಳಿಗೂ ಎರಡು ಲಕ್ಷ ಎಂದು ಗೊತ್ತುಮಾಡಿದರು. ಹೆಸರೇ ಇಲ್ಲದವಳಿಗೆ ಹಣ ಎಲ್ಲಿಂದ ಬಂದೀತು? ಬಿಡುಗಡೆಯಾಗಿ ಬಂದವಳು ನಿದ್ದೆಗೆಟ್ಟು, ಬೆಚ್ಚಿಬಿದ್ದು, ಮಾತು ಬಿಟ್ಟು ಕೂತರೆ ಗಾಳಿ ಬಿಡಿಸಲು ಓಡಬೇಡಿ. 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆರಿಗೆಯಾದ ಮೇಲೆ ಮಂಕಾದವರಿಗೂ ಅದೇ ನಂಬರು.

ಕಡೆಯದಾಗಿ ಆ ಕಾಗದ ಕಾಪಾಡುವ ವಿಷಯ. ಮಡಿಕೆಯಲ್ಲಿ ಹರಿದಿದ್ದರೆ ಸೆಲ್ಲೋಟೇಪು ಅಂಟಿಸಬೇಡಿ, ಕೆಲವೇ ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ಹೆಬ್ಬೆಟ್ಟಿನ ಗುರುತಿರುವ ಕಡೆ ಬೆರಳು ತಾಗಿಸದೆ, ಬೆಳಕಿನಲ್ಲಿಟ್ಟು ಎರಡೂ ಮಗ್ಗುಲು ಫೋಟೋ ತೆಗೆಯಿರಿ. ಒಗೆದು ಚೆನ್ನಾಗಿ ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ, ಆದಷ್ಟೂ ಮಡಿಸದೆ, ಎರಡು ರಟ್ಟಿನ ನಡುವೆ ಇಡಿ. ಟ್ರಂಕಿನ ತಳದಲ್ಲಿ ಥಂಡಿ ಹಿಡಿಯುತ್ತದೆ, ಬೀರುವಿನ ಮೇಲಿನ ಅರೆಗೆ ಬದಲಾಯಿಸಿ. ಬೇರೆ ಓದುಗರ ಮನೆಯಲ್ಲೂ ಇಂಥ ಕಾಗದ ಇದ್ದರೆ ಬರೆದು ತಿಳಿಸಬಹುದು. ಮೂಲ ಪತ್ರ ಅಂಚೆಯಲ್ಲಿ ಕಳಿಸಬೇಡಿ, ನಕಲು ಸಾಕು. ಹೆಸರಿನ ಮೇಲೆ ಒಂದು ಚೂರು ಕಾಗದ ಮುಚ್ಚಿ ನಕಲು ತೆಗೆಸಿ.